ಸಮ್ಮಿಲನಾಗ್ನಿಯ ಅಂಚಿನಲ್ಲಿ ಲೋಹಮಲದ ಸಂಚಾರ

ಗುಬ್ಬಿ, ಚಿಕ್ಕನಾಯಕನಹಳ್ಳಿ ಸೀಮೆಗಳ ಬೆಟ್ಟದ ಸಾಲು ಕಬ್ಬಿಣದ ಅದಿರಿಗೆ ಬಹುಕಾಲದಿಂದ ಹೆಸರಾದುದು. ೧೮೦೦ನೆಯ ಇಸವಿಯಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಇದೇ ತುಮಕೂರು ಪ್ರಾಂತದ ಚನ್ನರಾಯನದುರ್ಗದ ಕಡೆಯಲ್ಲಿ, ಮಳೆಗಾಲದ ಹಳ್ಳಗಳು ತಂದು ಹಾಕಿದ ಕರಿಮರಳನ್ನು ಕಾಸಿ ಕಬ್ಬಿಣ ತೆಗೆಯುವುದನ್ನೂ, ಆ ಕಬ್ಬಿಣವನ್ನು ತಂಗಡಿಯ ಕಡ್ಡಿಯೊಡನೆ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ ಉಕ್ಕು ಮಾಡುವುದನ್ನೂ ಬರೆದಿಟ್ಟಿದ್ದಾರೆ. ಕುಲುಮೆಯ ಬೆಂಕಿಗೆ ಸಿಕ್ಕಿದ ಅದಿರಿನಲ್ಲಿ ಲೋಹವು ಒಂದು ಕಡೆಗೂ ಮಲವು ಒಂದು ಕಡೆಗೂ ಬೇರ್ಪಡುವುವು. ಆ ಮಲಕ್ಕೆ ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಕಿಟ್ಟವೆಂದೇ ಹೆಸರು. ವೈದ್ಯಶಾಸ್ತ್ರದವರು ಅದನ್ನೂ ಬಿಸುಟವರಲ್ಲ. ಮಂಡೂರವೆಂಬ ಹೆಸರಿನಿಂದ ಔಷಧಕ್ಕೆ ತೆಗೆದುಕೊಂಡು, ನೂರು ವರ್ಷ ಕಳೆದುದು ಉತ್ತಮ, ಎಂಬತ್ತರದು ಮಧ್ಯಮ, ಅರುವತ್ತರದು ಅಧಮವೆಂದು ತಾರತಮ್ಯವನ್ನೂ ಹೇಳಿದರು. ತಂಗಡಿಯ ಕಡ್ಡಿಯಿಂದ ಕಬ್ಬಿಣದೊಳಕ್ಕೆ ಸೇರುವ ಇಂಗಾಲವೂ ಒಂದರ್ಥದಲ್ಲಿ ಮಲವೇ. ಆದರೆ ಅದು ಸೇರಿದುದರಿಂದಲೇ ಕಬ್ಬಿಣವು ಉಕ್ಕಾಯಿತು. ಮಲವೆಂಬುದು ವಸ್ತುವಿನ ಸ್ವಭಾವಕ್ಕೆ ಸೇರಿದ ಹೆಸರಲ್ಲ, ಅದು ನಿಂತ ಸ್ಥಾನದಿಂದ ಬಂದ ಹೆಸರೆಂಬುದು ಇಷ್ಟರಿಂದ ತಿಳಿಯುವುದು.

ಈ ಮಾತಿಗೆ ಅತ್ಯಂತ ಆಶ್ಚರ್ಯಕರವಾದ ದೃಷ್ಟಾಂತವು ಭೌತಶಾಸ್ತ್ರಜ್ಞರು ಕಟ್ಟುತ್ತಿರುವ ಒಂದು ಬಗೆಯ ಅಗ್ನಿಕುಂಡದಲ್ಲಿ ದೊರೆಯುತ್ತದೆ. ಕುಲುಮೆಯಲ್ಲಿ ಲೋಹವು ಸಾಧ್ಯ, ಬೆಂಕಿಯು ಸಾಧನ. ಇಲ್ಲಿಯಾದರೋ ಬೆಂಕಿಯೇ ಸಾಧ್ಯ. ಅದು ಪರಿಶುದ್ಧವಾಗಿರಬೇಕು, ಅದರಲ್ಲಿ ಬಿದ್ದ ಲೋಹವೇ ಕಿಟ್ಟ. ಈ ಲೋಹಕಿಟ್ಟವು ಎಲ್ಲಿಂದ ಬರುತ್ತದೆ, ಯಾವ ದಾರಿಯಿಂದ ಒಳಹೊಗುತ್ತದೆ, ಯಾವ ಬಲಗಳು ಅದನ್ನು ಎಳೆಯುತ್ತವೆ, ಯಾವುವು ತಡೆಯುತ್ತವೆ ಎಂಬುದೇ ಪ್ರಸ್ತುತ ವಿಚಾರ. ಅಗ್ನಿಯು ಉಳಿಯುವುದೋ ಆರುವುದೋ ಎಂಬುದು ಬಹುಮಟ್ಟಿಗೆ ಈ ಸಂಚಾರವನ್ನೇ ಅವಲಂಬಿಸಿದೆ.

ಸೂರ್ಯನ ಗರ್ಭದಲ್ಲಿ ನಡೆಯುವ ದಹನವು ಸೌದೆಯ ದಹನದಂಥದಲ್ಲ. ಅಲ್ಲಿ ಲಘುವಾದ ಪರಮಾಣುಗಳ ಬೀಜಗಳು ಒಂದಕ್ಕೊಂದು ತಾಗಿ ಕೂಡಿಕೊಂಡು ಗುರುವಾದ ಬೀಜಗಳಾಗುತ್ತವೆ. ಕೂಡುವಾಗ ಕಳೆದುಹೋದ ಅಲ್ಪದ್ರವ್ಯವೇ ಅಪಾರವಾದ ಶಕ್ತಿಯಾಗಿ ಹೊರಬರುತ್ತದೆ. ಇದಕ್ಕೆ ಬೈಜಿಕ ಸಮ್ಮಿಲನವೆಂದು ಹೆಸರು. ಭೂಮಿಯ ಮೇಲೆ ಇದನ್ನು ನಡೆಯಿಸುವುದಕ್ಕೆ ಎಲ್ಲಕ್ಕಿಂತ ಸುಲಭವಾದ ಇಂಧನವು ಜಲಜನಕದ ಎರಡು ಭೇದಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ. ಇವೆರಡೂ ಕೂಡಿದರೆ ಒಂದು ಹೀಲಿಯಂ ಬೀಜವೂ ಒಂದು ನ್ಯೂಟ್ರಾನೂ ಹುಟ್ಟುತ್ತವೆ. ಬೀಜಗಳು ಧನವಿದ್ಯುತ್ತುಳ್ಳವಾದುದರಿಂದ ಪರಸ್ಪರ ತಳ್ಳಿಕೊಳ್ಳುತ್ತವೆ. ಆ ತಳ್ಳಾಟವನ್ನು ಮೀರಬೇಕಾದರೆ ಅತ್ಯುಗ್ರವಾದ ವೇಗ ಬೇಕು, ಅಂದರೆ ಅತ್ಯುಗ್ರವಾದ ಉಷ್ಣತೆ ಬೇಕು. ಸೂರ್ಯನ ಕೇಂದ್ರದಲ್ಲಿರುವುದು ಸುಮಾರು ೧.೫ ಕೋಟಿ ಡಿಗ್ರಿ. ಅಲ್ಲಿಯ ಸಾಂದ್ರತೆಯೂ ಗಾತ್ರವೂ ಯಂತ್ರಕ್ಕಿಲ್ಲವಾದುದರಿಂದ ಇಲ್ಲಿ ಸುಮಾರು ೧೫ ಕೋಟಿ ಡಿಗ್ರಿ ಬೇಕಾಗುತ್ತದೆ.

ಇಂಥ ಉಷ್ಣತೆಯಲ್ಲಿ ಪರಮಾಣುವಿನ ಎಲೆಕ್ಟ್ರಾನುಗಳು ಬೀಜದಿಂದ ಕಳಚಿಹೋಗುತ್ತವೆ. ಎಲೆಕ್ಟ್ರಾನನ್ನು ಕಳೆದುಕೊಂಡ ಪರಮಾಣುವಿಗೆ ಅಯಾನು ಎಂದೂ, ಅಯಾನುಗಳೂ ಎಲೆಕ್ಟ್ರಾನುಗಳೂ ಬೆರೆತ ಈ ಸ್ಥಿತಿಗೆ ಪ್ಲಾಸ್ಮಾ ಎಂದೂ ಹೆಸರು. ಇದನ್ನು ಹಿಡಿದಿಡಬಲ್ಲ ಪಾತ್ರೆ ಲೋಕದಲ್ಲಿಲ್ಲ. ಆದರೆ ವಿದ್ಯುತ್ಕಣವು ಅಯಸ್ಕಾಂತರೇಖೆಯನ್ನು ಸುತ್ತುತ್ತ ಅದರ ಉದ್ದಕ್ಕೆ ಜಾರಬಲ್ಲುದೇ ಹೊರತು ಅಡ್ಡಲಾಗಿ ಸುಲಭವಾಗಿ ದಾಟಲಾರದು. ಈ ಗುಣವನ್ನು ಆಶ್ರಯಿಸಿ ೧೯೫೦ರ ದಶಕದಲ್ಲಿ ಸೋವಿಯತ್ ವಿದ್ವಾಂಸರು ಟೋಕಮಾಕ್ ಎಂಬ ಯಂತ್ರವನ್ನು ಕಲ್ಪಿಸಿದರು. ಅದು ಸ್ಥೂಲವಾಗಿ ಉದ್ದಿನವಡೆಯ ಆಕಾರದ ಪೊಳ್ಳು ಪಾತ್ರೆ. ಒಳಗಿನ ಅಯಸ್ಕಾಂತರೇಖೆಗಳು ಬಳೆಯಂತೆ ಸುತ್ತಿ ಸುತ್ತಿ ತಮ್ಮಲ್ಲೇ ಮುಚ್ಚಿಕೊಂಡಿರುತ್ತವೆ. ಪ್ಲಾಸ್ಮಾವು ಆ ಸುತ್ತುಗಳೊಳಗೆ ಗೋಡೆಯನ್ನು ಮುಟ್ಟದೆ ನಿಂತಿರುತ್ತದೆ. ಮುಚ್ಚಿಕೊಂಡ ಕಟ್ಟಕಡೆಯ ಸುತ್ತಿನ ಹೊರಗಿರುವ ರೇಖೆಗಳು ಮಾತ್ರ ಬಿಚ್ಚಿಕೊಂಡು ಹೋಗಿ ಪಾತ್ರೆಯ ಕೆಳಭಾಗದ ಫಲಕಗಳಿಗೆ ತಾಗುತ್ತವೆ. ಒಳಗಿನಿಂದ ಸೋರಿದ ಉರಿಯನ್ನೆಲ್ಲ ಒಂದೇ ಕಡೆಗೆ ತಿರುಗಿಸಿ ಹರಿಯಬಿಡುವ ಈ ತಾವಿಗೆ ಡೈವರ್ಟರ್ ಎನ್ನುವರು. ಮನೆಗೆ ಬಚ್ಚಲು ಹೇಗೋ ಯಂತ್ರಕ್ಕೆ ಇದು ಹಾಗೆ. ಕಡೆಯ ಸುತ್ತಿಗೂ ಗೋಡೆಗೂ ನಡುವಣ, ಕೆಲವೇ ಸೆಂಟಿಮೀಟರುಗಳ ತೆಳುವಾದ ಪದರವೇ ಪ್ಲಾಸ್ಮಾದ ಅಂಚು. ಈ ಲೇಖನದ ರಂಗಸ್ಥಳವೂ ಅದೇ.

ಲೋಹವು ಒಳಹೊಕ್ಕರೆ ಕೆಡುಕೇನು? ಜಲಜನಕದ ಪರಮಾಣುವಿಗಿರುವುದು ಒಂದೇ ಎಲೆಕ್ಟ್ರಾನು. ಅದು ಕಳಚಿದ ಮೇಲೆ ಬೆಳಕು ಚೆಲ್ಲುವ ಸಾಧನವೇ ಬಹುಮಟ್ಟಿಗೆ ಇಲ್ಲವಾಗುತ್ತದೆ. ಇಂಗಾಲಕ್ಕೆ ಆರು, ಅವೂ ಅಂಚಿನಲ್ಲಿಯೇ ಬರಿದಾಗುತ್ತವೆ. ಟಂಗ್‌ಸ್ಟನ್ನಿಗೆ ಎಪ್ಪತ್ತನಾಲ್ಕು. ಕೋಟ್ಯಂತರ ಡಿಗ್ರಿಗಳ ನಡುವೆಯೂ ಅದು ತನ್ನ ಎಲೆಕ್ಟ್ರಾನುಗಳನ್ನೆಲ್ಲ ಬಿಟ್ಟುಕೊಡದೆ ಹತ್ತಾರನ್ನು ಉಳಿಸಿಕೊಂಡೇ ಇರುತ್ತದೆ. ಉಳಿದ ಆ ಎಲೆಕ್ಟ್ರಾನುಗಳು ಸುತ್ತಣ ಕಣಗಳ ಪೆಟ್ಟಿಗೆ ಮೇಲಕ್ಕೇರಿ ಮತ್ತೆ ಕೆಳಗಿಳಿಯುವಾಗಲೆಲ್ಲ ಒಂದೊಂದು ರಶ್ಮಿಯನ್ನು ಹೊರಗೆಸೆಯುತ್ತವೆ. ಬಹುಪ್ರಯಾಸದಿಂದ ಕೂಡಿಟ್ಟ ಶಾಖವು ಹೀಗೆ ರಶ್ಮಿರೂಪವಾಗಿ ಸೋರಿಹೋಗುತ್ತದೆ. ಇಂಗಾಲವಾದರೆ ನೂರಕ್ಕೆ ಒಂದೆರಡು ಪರಮಾಣುಗಳನ್ನು ಅಗ್ನಿಯು ಸಹಿಸೀತು. ಟಂಗ್‌ಸ್ಟನ್ ಹತ್ತುಸಾವಿರಕ್ಕೆ ಒಂದಾದರೂ ಉರಿಯು ತನ್ನ ಬಲದಿಂದ ತಾನು ನಿಲ್ಲಲಾರದು. ಲಕ್ಷಕ್ಕೆ ಒಂದೆರಡರ ಮಟ್ಟದಲ್ಲಿ ಅದನ್ನು ತಡೆದಿರಬೇಕು.

ಇಲ್ಲಿ ಒಂದು ಶಂಕೆ ಹುಟ್ಟುವುದು. ಸೂರ್ಯನಲ್ಲಿ ಲಕ್ಷ ಜಲಜನಕ ಪರಮಾಣುಗಳಿಗೆ ಸುಮಾರು ಮೂರು ಕಬ್ಬಿಣದ ಪರಮಾಣುಗಳುಂಟು; ಬೇರೆ ಗುರುದ್ರವ್ಯಗಳೂ ಉಂಟು. ಹಾಗಿದ್ದೂ ಸೂರ್ಯನು ಆರಿಲ್ಲವಲ್ಲ? ಸಮಾಧಾನವೇನೆಂದರೆ, ಸೂರ್ಯನ ಒಡಲು ಅಪಾರದರ್ಶಕವಾದುದು. ಅಲ್ಲಿ ಕಬ್ಬಿಣವು ಎಸೆದ ರಶ್ಮಿಯನ್ನು ಪಕ್ಕದ ಪದರವು ನುಂಗುತ್ತದೆ. ಕೇಂದ್ರದ ಶಕ್ತಿಯು ಮೇಲ್ಮೈಗೆ ಬರುವುದಕ್ಕೆ ಸಹಸ್ರಾರು ವರ್ಷಗಳು ಹಿಡಿಯುತ್ತವೆ. ಅಲ್ಲಿ ಕಬ್ಬಿಣವು ಶಾಖವನ್ನು ಕಾಪಿಡುವ ಕಂಬಳಿ. ಯಂತ್ರದೊಳಗಣ ಪ್ಲಾಸ್ಮಾವಾದರೋ ಗಾಳಿಗಿಂತಲೂ ಎಷ್ಟೋ ವಿರಳವಾದುದು. ಲೋಹವು ಎಸೆದ ರಶ್ಮಿಯು ಯಾವ ತಡೆಯೂ ಇಲ್ಲದೆ ನೆಟ್ಟಗೆ ಗೋಡೆಗೆ ಹೋಗುತ್ತದೆ. ಒಂದೇ ಲೋಹ, ಒಂದೇ ಗುಣ. ಆಶ್ರಯವು ಬೇರೆಯಾದುದರಿಂದ ಫಲವು ವಿಪರೀತವಾಯಿತು.

ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಈ ಲೋಹಾಂಶವು ಇಷ್ಟಿದೆ, ಇಂಥ ಸ್ಥಿತಿಯಲ್ಲಿದೆ ಎಂಬುದಕ್ಕೆ ಪ್ರಮಾಣವೇನೆಂಬುದನ್ನು ಮೊದಲು ಹೇಳತಕ್ಕದ್ದು. ಪ್ರತಿಯೊಂದು ಧಾತುವೂ, ಅದರಲ್ಲಿಯೂ ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಅದರ ಪ್ರತಿಯೊಂದು ಅವಸ್ಥೆಯೂ, ವರ್ಣಪಟಲದಲ್ಲಿ ತನ್ನದೇ ಆದ ರೇಖೆಗಳನ್ನು ಬರೆಯುತ್ತದೆ. ಈ ಪ್ರಮಾಣದ ಚರಿತ್ರೆಯಲ್ಲಿ ಕನ್ನಡನಾಡಿಗೂ ಒಂದು ಸ್ಥಾನವುಂಟು. ೧೮೬೮ನೆಯ ಆಗಸ್ಟ್ ೧೮ರ ಸಂಪೂರ್ಣ ಸೂರ್ಯಗ್ರಹಣವನ್ನು ಜಮಖಂಡಿಯಲ್ಲಿ ನಿಂತು ನೋಡಿದವರು ಪ್ರಸಿದ್ಧ ಖಗೋಳಶಾಸ್ತ್ರಜ್ಞರ ಮನೆತನದ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಸೂರ್ಯಬಿಂಬದ ಅಂಚಿನಿಂದೇಳುವ ಜ್ವಾಲೆಗಳ ವರ್ಣಪಟಲದಲ್ಲಿ ಅವರು ಉಜ್ಜ್ವಲವಾದ ರೇಖೆಗಳನ್ನು ಕಂಡು, ಆ ಜ್ವಾಲೆಗಳು ಅನಿಲರೂಪವಾದುವೆಂದು ತಿಳಿದರು. ಮುಂದಿನ ವರ್ಷ ಅಮೆರಿಕಾ ದೇಶದಲ್ಲಿ ಕಂಡ ಗ್ರಹಣದಲ್ಲಿ ಸೂರ್ಯನ ಕಿರೀಟದಂತಿರುವ ಹೊರಪ್ರಭೆಯಲ್ಲಿ ಒಂದು ಹಸುರು ರೇಖೆ ಸಿಕ್ಕಿತು. ೧೮೭೧ನೆಯ ಡಿಸೆಂಬರ್ ೧೨ರಂದು ಆಗಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲದ ಕೋಟೆಯಲ್ಲಿ ನಾರ್ಮನ್ ಲಾಕಿಯರ್ ಅವರೂ, ನೀಲಗಿರಿಯಲ್ಲಿ ಫ್ರಾನ್ಸಿನ ಜಾನ್ಸೆನ್ ಅವರೂ ಅದನ್ನು ಮತ್ತೆ ಕಂಡರು.

ಆ ರೇಖೆಯು ತಿಳಿದಿದ್ದ ಯಾವ ಧಾತುವಿನ ರೇಖೆಯನ್ನೂ ಹೋಲಲಿಲ್ಲ. ಆದುದರಿಂದ ಕೊರೋನಿಯಂ ಎಂಬ ಹೊಸ ಧಾತುವನ್ನೇ ಕಲ್ಪಿಸಿದರು. ಸುಮಾರು ಎಪ್ಪತ್ತು ವರ್ಷಗಳ ಕಾಲ ಆ ಹೆಸರು ಗ್ರಂಥಗಳಲ್ಲಿ ಉಳಿದಿತ್ತು. ಹೆಸರೊಂದು ದೊರೆತೊಡನೆ ಅರ್ಥವೂ ದೊರೆತಂತೆ ಭ್ರಮೆ ಹುಟ್ಟುವುದು ಕೋಶಕಾರರಿಗೆ ಮಾತ್ರ ಆಗುವ ಅಪಾಯವಲ್ಲ. ಕಡೆಗೆ ೧೯೩೯ರಿಂದ ೧೯೪೩ರೊಳಗೆ ಜರ್ಮನಿಯ ಗ್ರೋಟ್ರಿಯನ್, ಸ್ವೀಡನ್ನಿನ ಎಡ್ಲೆನ್ ಎಂಬ ಇಬ್ಬರು ವಿದ್ವಾಂಸರು ಆ ಗಂಟನ್ನು ಬಿಡಿಸಿದರು. ೫೩೦೩ ಆಂಗ್‌ಸ್ಟ್ರಾಂ ಅಲೆಯುದ್ದದ ಆ ಹಸುರು ರೇಖೆ ಕಬ್ಬಿಣದ್ದೇ; ತನ್ನ ಇಪ್ಪತ್ತಾರು ಎಲೆಕ್ಟ್ರಾನುಗಳಲ್ಲಿ ಹದಿಮೂರನ್ನು ಕಳೆದುಕೊಂಡ ಕಬ್ಬಿಣದ್ದು. ಅಷ್ಟು ಎಲೆಕ್ಟ್ರಾನುಗಳು ಕಳಚಬೇಕಾದರೆ ಸುಮಾರು ಇಪ್ಪತ್ತು ಲಕ್ಷ ಡಿಗ್ರಿ ಬೇಕು. ಆರುಸಾವಿರ ಡಿಗ್ರಿಗೂ ಕಡಿಮೆಯಾದ ಸೂರ್ಯನ ಮೇಲ್ಮೈಯ ಹೊರಗೆ ಇಪ್ಪತ್ತು ಲಕ್ಷ ಡಿಗ್ರಿಯ ಕಿರೀಟವಿದೆಯೆಂಬ ಅದ್ಭುತವು ಕಬ್ಬಿಣದ ಸಾಕ್ಷ್ಯದಿಂದಲೇ ಸಿದ್ಧವಾಯಿತು. ೧೯೮೦ನೆಯ ಫೆಬ್ರವರಿ ೧೬ರಂದು ಅಂಕೋಲ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದ ಗ್ರಹಣದಲ್ಲಿ ವಿಜ್ಞಾನಿಗಳು ಸಲಕರಣೆಗಳನ್ನು ಹೂಡಿಕೊಂಡು ಕುಳಿತಿದ್ದುದೂ ಆ ಕಿರೀಟದ ದರ್ಶನಕ್ಕಾಗಿಯೇ.

ಟೋಕಮಾಕಿನಲ್ಲಿಯೂ ಇದೇ ಪ್ರಮಾಣ. ಹದಿನಾಲ್ಕು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣವು ೨೮೪ ಆಂಗ್‌ಸ್ಟ್ರಾಂ ಬಳಿಯಲ್ಲಿ ಬರೆಯುವ ರೇಖೆಯು ಸೂರ್ಯನ ಕಿರೀಟದಲ್ಲಿಯೂ ಕಾಣುತ್ತದೆ, ಉಕ್ಕಿನ ಪಾತ್ರೆಯುಳ್ಳ ಯಂತ್ರದಲ್ಲಿಯೂ ಕಾಣುತ್ತದೆ. ಭಾರತದಲ್ಲಿಯೇ ಕಟ್ಟಿದ ಮೊದಲನೆಯ ಟೋಕಮಾಕು ಗುಜರಾತಿನ ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನ ಸಂಸ್ಥೆಯಲ್ಲಿ ೧೯೮೯ರಲ್ಲಿ ಕೆಲಸಕ್ಕೆ ತೊಡಗಿತು. ೨೦೧೬ರಲ್ಲಿ ಡೈವರ್ಟರ್ ಸೌಕರ್ಯದೊಡನೆ ಪುನರ್ನಿರ್ಮಿತವಾಯಿತು. ಅದಕ್ಕಿಟ್ಟ ಹೆಸರು ಆದಿತ್ಯ. ಅದಿತಿಯ ಮಗನು ಆದಿತ್ಯ. ಅದಿತಿಯೆಂದರೆ ಕಟ್ಟಿಲ್ಲದವಳು, ಬಂಧನವಿಲ್ಲದವಳು ಎಂದು ನಿರ್ವಚನ ಹೇಳುವುದುಂಟು. ಕಟ್ಟಿಗೆ ಸಿಕ್ಕದವಳ ಮಗನನ್ನು ಅಯಸ್ಕಾಂತದ ಬಳೆಯೊಳಗೆ ಕಟ್ಟಿಹಾಕುವ ಯಂತ್ರಕ್ಕೆ ಅದೇ ಹೆಸರಿಟ್ಟವರು ಈ ವ್ಯುತ್ಪತ್ತಿಯನ್ನು ನೆನೆದಿದ್ದರೋ ಇಲ್ಲವೋ, ಹೆಸರಂತೂ ಕೆಲಸದ ಕಾಠಿನ್ಯವನ್ನು ಚೆನ್ನಾಗಿ ಸೂಚಿಸುತ್ತದೆ.

ಇನ್ನು ಸಂಚಾರದ ವಿಚಾರ. ಅಂಚಿನ ಪದರದಲ್ಲಿ ಹರಿದು ಬಂದ ಅಯಾನುಗಳು ಗೋಡೆಗೆ ಬಡಿಯುತ್ತವೆ. ಗೋಡೆಗೆ ತಗುಲಿದಂತೆ ಇರುವ ತೆಳ್ಳನೆಯ ವಿದ್ಯುತ್ಪದರವೊಂದು ಅವನ್ನು ಕಡೆಯ ಗಳಿಗೆಯಲ್ಲಿ ಇನ್ನಷ್ಟು ವೇಗದಿಂದ ತನ್ನತ್ತ ಎಳೆದುಕೊಳ್ಳುತ್ತದೆ. ಆ ಪೆಟ್ಟಿಗೆ ಗೋಡೆಯ ಪರಮಾಣು ಸಿಡಿದು ಹೊರಬೀಳುತ್ತದೆ. ಗೋಲಿಯಿಂದ ಗುಂಡುಕಲ್ಲನ್ನು ಕದಲಿಸುವುದು ಕಷ್ಟವಾದಂತೆ, ಹಗುರವಾದ ಡ್ಯೂಟೀರಿಯಂ ಅತಿಗುರುವಾದ ಟಂಗ್‌ಸ್ಟನ್ನನ್ನು ಸಿಡಿಸಬೇಕಾದರೆ ಇನ್ನೂರಕ್ಕೂ ಮಿಕ್ಕ ಎಲೆಕ್ಟ್ರಾನ್-ವೋಲ್ಟುಗಳ ಶಕ್ತಿ ಬೇಕು. ಟಂಗ್‌ಸ್ಟನ್ನನ್ನು ಗೋಡೆಗೆ ಆರಿಸಿದುದಕ್ಕೆ ಇದೊಂದು ಕಾರಣ. ೩೪೨೨ ಡಿಗ್ರಿಯ ತನಕ ಕರಗದೆಂಬುದು ಇನ್ನೊಂದು. ಆದರೆ ಆಮ್ಲಜನಕ, ನಿಯಾನ್ ಮೊದಲಾದ ಮಧ್ಯಮತೂಕದ ಅಯಾನುಗಳಿಗೆ ಅಷ್ಟು ಶಕ್ತಿ ಬೇಕಿಲ್ಲ. ಒಮ್ಮೆ ಸಿಡಿದ ಟಂಗ್‌ಸ್ಟನ್ ತಾನೇ ಅಯಾನಾಗಿ ಮರಳಿ ಬಂದು ಬಡಿದರಂತೂ ಸಮಬಲದ ಪೆಟ್ಟು. ತನ್ನ ಕುಲದವರನ್ನು ತಾನೇ ಕೀಳುವುದು.

ಸಿಡಿದ ಪರಮಾಣುಗಳೆಲ್ಲ ಒಳಗೆ ಹೋಗುವುವೆಂದು ತಿಳಿಯಬಾರದು. ಗೋಡೆಯಿಂದ ಹೊರಟಾಗ ಅದಕ್ಕೆ ವಿದ್ಯುತ್ತಿಲ್ಲ. ಅಯಸ್ಕಾಂತದ ಹಿಡಿತವೂ ಇಲ್ಲ. ತುಸು ದೂರ ಹೋಗುವಷ್ಟರಲ್ಲಿ ಎಲೆಕ್ಟ್ರಾನೊಂದು ಕಳಚಿ ಅದು ಅಯಾನಾಗುತ್ತದೆ. ಒಡನೆಯೇ ಅಯಸ್ಕಾಂತರೇಖೆಯ ಸುತ್ತ ತಿರುಗತೊಡಗುತ್ತದೆ. ಹಗುರವಾದ ಅಯಾನಿನ ಸುತ್ತು ಚಿಕ್ಕದು. ಟಂಗ್‌ಸ್ಟನ್ನಿನ ಸುತ್ತು ಅದರ ತೂಕಕ್ಕೆ ತಕ್ಕಂತೆ ದೊಡ್ಡದು. ಆದುದರಿಂದ ಮೊದಲನೆಯ ಸುತ್ತು ಮುಗಿಯುವುದರೊಳಗೆ ಅದು ಹೊರಟ ಗೋಡೆಗೇ ಮರಳಿ ತಾಗಿ ಅಲ್ಲಿಯೇ ಅಂಟಿಕೊಳ್ಳುತ್ತದೆ. ಸಾಂದ್ರವಾದ ಪ್ಲಾಸ್ಮಾವಿರುವ ಡೈವರ್ಟರಿನಲ್ಲಿ ಸಿಡಿದವುಗಳ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೀಗೆ ಹಿಂದಿರುಗುತ್ತವೆ. ಗುರುತ್ವವು ಇಲ್ಲಿ ಗುಣವಾಯಿತು. ಮುಂದಿನ ಕಥೆಯು ಹಿಂದಿರುಗದೆ ಉಳಿದ ಅಲ್ಪಭಾಗದ್ದು.

ಆ ಅಲ್ಪಭಾಗವು ಬಿಚ್ಚಿಕೊಂಡ ರೇಖೆಗಳ ಉದ್ದಕ್ಕೆ ಜಾರುತ್ತದೆ. ಅಲ್ಲಿ ಎರಡು ಬಲಗಳು ಅದನ್ನು ಎದುರುಬದುರಾಗಿ ಎಳೆಯುತ್ತವೆ. ಮೊದಲನೆಯದು ಸುಲಭವಾಗಿ ತಿಳಿಯತಕ್ಕದ್ದು. ಅಂಚಿನ ಪ್ಲಾಸ್ಮಾವು ಡೈವರ್ಟರಿನ ಫಲಕಗಳ ಕಡೆಗೆ ಹರಿಯುತ್ತಿರುವುದರಿಂದ, ಹೊಳೆಯು ಹರಿಗೋಲನ್ನು ಒಯ್ಯುವಂತೆ ಲೋಹವನ್ನೂ ಅತ್ತಲೇ ಒಯ್ಯುತ್ತದೆ. ಈ ಘರ್ಷಣಬಲವು ಅಗ್ನಿಗೆ ಮಿತ್ರ. ಎರಡನೆಯದು ವಿಚಿತ್ರವಾದುದು. ಫಲಕದ ಬಳಿ ಪ್ಲಾಸ್ಮಾವು ತಣ್ಣಗಿದೆ; ಮೇಲಕ್ಕೆ ಹೋದಷ್ಟೂ ಬಿಸಿ. ಈ ಉಷ್ಣತಾಭೇದವು ಲೋಹವನ್ನು ತಣ್ಣನೆಯ ಕಡೆಗಲ್ಲ, ಬಿಸಿಯ ಕಡೆಗೆ ತಳ್ಳುತ್ತದೆ. ಬಿಸಿಯಾದ ಕಡೆಯಿಂದ ಬಂದ ಕಣಗಳು ಬಲವಾಗಿ ಬಡಿದು ಲೋಹವನ್ನು ದೂರಕ್ಕೆ ಅಟ್ಟಬೇಕಲ್ಲವೆ ಎಂದು ಯಾರಿಗಾದರೂ ತೋರುವುದು ಸಹಜ.

ಗುಬ್ಬಿಯ ಚನ್ನಬಸವೇಶ್ವರಸ್ವಾಮಿಯ ಜಾತ್ರೆಯಂಥ ಜನಸಂದಣಿಯ ನಡುವೆ ನಿಂತವನೊಬ್ಬನನ್ನು ಊಹಿಸಿಕೊಂಡರೆ ಈ ತೊಡಕು ಬಿಡುವುದು. ಓಡುತ್ತ ಬಂದವನು ಅವನ ಪಕ್ಕದಲ್ಲಿ ಹಾದರೆ ಉತ್ತರೀಯದ ಸೆರಗು ಅಲುಗೀತು, ಅಷ್ಟೆ. ಮೆಲ್ಲನೆ ನುಸುಳುವವನು ಹೆಗಲಿಗೆ ಹೆಗಲೊತ್ತಿ ಅವನನ್ನು ತುಸು ದೂರ ತಳ್ಳಿಕೊಂಡೇ ಹೋಗುವನು. ವಿದ್ಯುತ್ಕಣಗಳು ಕಲ್ಲುಗಳಂತೆ ಮೈಗೆ ಮೈ ತಾಗಿಸಿ ಡಿಕ್ಕಿ ಹೊಡೆಯುವುದಿಲ್ಲ. ದೂರದಿಂದಲೇ ಒಂದನ್ನೊಂದು ಒತ್ತುತ್ತವೆ. ವೇಗದಿಂದ ಹಾದುಹೋದ ಕಣಕ್ಕೆ ಒತ್ತುವ ಅವಕಾಶವೇ ಕಡಿಮೆ. ಆದುದರಿಂದ ಬಿಸಿಯ ಕಡೆಯಿಂದ ಧಾವಿಸಿ ಬಂದವು ಲೋಹವನ್ನು ಹೆಚ್ಚು ಕದಲಿಸದೆ ದಾಟಿಹೋಗುತ್ತವೆ. ತಣ್ಣನೆಯ ಕಡೆಯಿಂದ ನಿಧಾನವಾಗಿ ಬಂದವು ಒತ್ತಿ ಒತ್ತಿ ಮೇಲಕ್ಕೆ ನೂಕುತ್ತವೆ. ಕೂಡಿ ಕಳೆದರೆ ಉಳಿಯುವ ನೂಕು ಬಿಸಿಯ ಕಡೆಗೆ, ಅಂದರೆ ಅಗ್ನಿಯ ಗರ್ಭದ ಕಡೆಗೆ. ಲೋಹದ ವಿದ್ಯುದಂಶವು ಇಮ್ಮಡಿಸಿದರೆ ಈ 'ತಾಪಬಲ'ವು ನಾಲ್ಮಡಿಯಾಗುತ್ತದೆ. ಘರ್ಷಣಬಲವೂ ಹಾಗೆಯೇ ಬೆಳೆಯುತ್ತದೆ. ಹೀಗಾಗಿ ಗೆಲವು ಲೋಹದ ಜಾತಿಯಿಂದ ನಿರ್ಣಯವಾಗದೆ ಹೊಳೆಯ ವೇಗವೆಷ್ಟು, ಉಷ್ಣತೆಯ ಏರು ಎಷ್ಟು ಕಡಿದು ಎಂಬುದರಿಂದಲೇ ನಿರ್ಣಯವಾಗುತ್ತದೆ.

ಯಂತ್ರವನ್ನು ನಡೆಯಿಸುವವರ ಉಪಾಯಗಳೆಲ್ಲ ಈ ತಕ್ಕಡಿಯ ಮೇಲೆಯೇ. ಪಾತ್ರೆಗೆ ಅನಿಲವನ್ನು ಊದಿ ಹೊಳೆಯ ಹರಿವನ್ನು ಹೆಚ್ಚಿಸುತ್ತಾರೆ. ಡೈವರ್ಟರಿಗೆ ಸಾರಜನಕವನ್ನೋ ನಿಯಾನನ್ನೋ ಹದವರಿತು ಬಿಟ್ಟು, ಅದು ಚೆಲ್ಲುವ ರಶ್ಮಿಯಿಂದ ಅಲ್ಲಿಯ ಪ್ಲಾಸ್ಮಾವನ್ನು ತಣಿಸುತ್ತಾರೆ. ತಣಿದ ಅಯಾನುಗಳಿಗೆ ಗೋಡೆಯನ್ನು ಸಿಡಿಸುವ ಬಲವಿರುವುದಿಲ್ಲ. ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಉಪಾಯವಿದು. ಆದರೆ ಸಾಲದಷ್ಟು ತಣಿಸಿದರೆ, ಬಿಟ್ಟ ಅನಿಲವೇ ಟಂಗ್‌ಸ್ಟನ್ನನ್ನು ಮತ್ತಷ್ಟು ಸಿಡಿಸುತ್ತದೆ. ಹೆಚ್ಚಾಗಿ ಬಿಟ್ಟರೆ ಅದೇ ಒಳಗೆ ಸೇರಿ ಇಂಧನವನ್ನು ತೆಳುವಾಗಿಸುತ್ತದೆ.

ಬಿಚ್ಚಿದ ರೇಖೆಗಳಿಂದ ಮುಚ್ಚಿದ ಸುತ್ತುಗಳೊಳಕ್ಕೆ ದಾಟುವುದು ಎರಡನೆಯ ಘಟ್ಟ. ಅಂಚಿನಲ್ಲಿ ಪ್ಲಾಸ್ಮಾವು ಸದಾ ಕುದಿಯುತ್ತಿರುತ್ತದೆ. ಆ ಕುದಿತದ ಸುಳಿಗಳು ಲೋಹವನ್ನು ಕಡೆಯ ಸುತ್ತಿನ ಈಚೆಗೂ ಆಚೆಗೂ ಎಸೆಯುತ್ತವೆ. ಒಳ್ಳೆಯ ಸ್ಥಿತಿಯಲ್ಲಿ ನಡೆಯುವ ಯಂತ್ರದಲ್ಲಿ ಕಡೆಯ ಸುತ್ತಿನ ಸ್ವಲ್ಪ ಒಳಗೆ ಕುದಿತವು ಅಡಗಿ, ಉಷ್ಣತೆಯೂ ಸಾಂದ್ರತೆಯೂ ಗೋಡೆ ಕಟ್ಟಿದಂತೆ ಕಡಿದಾಗಿ ಏರುತ್ತವೆ. ಈ ಕಡಿದಾದ ಏರನ್ನು ಲೋಹವು ಹತ್ತಬಲ್ಲುದೆ ಎಂಬುದೇ ಮುಖ್ಯ ಪ್ರಶ್ನೆ. ಇಲ್ಲಿ ಸಾಂದ್ರತೆಯ ಏರು ಲೋಹವನ್ನು ಒಳಕ್ಕೆ ಸೆಳೆಯುತ್ತದೆ. ಉಷ್ಣತೆಯ ಏರು ಹೊರಕ್ಕೆ ತಳ್ಳುತ್ತದೆ. ರೇಖೆಯ ಉದ್ದಕ್ಕೆ ಲೋಹವನ್ನು ಬಿಸಿಯ ಕಡೆಗೆ ನೂಕಿದ ಉಷ್ಣತಾಭೇದವೇ ರೇಖೆಗೆ ಅಡ್ಡಲಾಗಿ ಬಿಸಿಯಿಂದ ದೂರಕ್ಕೆ ನೂಕುತ್ತದೆ. ಇದು ವಿರೋಧವೆಂದು ತೋರುವುದು, ಆದರೆ ವಿರೋಧವಲ್ಲ. ಅಯಸ್ಕಾಂತರೇಖೆಗೆ ಅಡ್ಡಲಾಗಿ ತಳ್ಳಿದ ವಿದ್ಯುತ್ಕಣವು ತಳ್ಳಿದತ್ತ ಹೋಗದೆ ಪಕ್ಕಕ್ಕೆ ಜರುಗುತ್ತದೆ. ಈ ಪಕ್ಕಸರಿತವು ಬಳೆಯಾಕಾರದ ಯಂತ್ರದಲ್ಲಿ ಕೂಡಿಕೊಂಡು ಬಂದಾಗ ಫಲವು ತಿರುಗುಮುರುಗಾಗುತ್ತದೆ. ವಿದ್ಯುದಂಶ ಹೆಚ್ಚಿದಷ್ಟೂ ಈ ಸೆಳೆತ ತಳ್ಳಾಟಗಳೂ ಹೆಚ್ಚು. ಆದಕಾರಣ ಟಂಗ್‌ಸ್ಟನ್ನಿಗೆ ಮಧ್ಯಮಗತಿಯಿಲ್ಲ, ಒಂದೋ ಒಳಗೆ ರಾಶಿಬೀಳುವುದು, ಇಲ್ಲವೆ ಹೊರಗೆ ಉಳಿಯುವುದು.

ಕಡಿದಾದ ಏರು ಎಂದೆಂದಿಗೂ ಸ್ಥಿರವಾಗಿರುವುದಿಲ್ಲ. ಒತ್ತಡವು ಮಿತಿಮೀರಿದಾಗ ಅಂಚು ಒಡೆದು ಸಿಡಿಯುತ್ತದೆ. ಆ ಸಿಡಿತವು ಒಳಗಿನ ಲೋಹವನ್ನು ಗುಡಿಸಿ ಹೊರಗೆ ಹಾಕುತ್ತದೆ, ಆದರೆ ಆ ಹೊಡೆತಕ್ಕೆ ಫಲಕದಿಂದ ಹೊಸ ಲೋಹ ಏಳುತ್ತದೆ. ಚಿಕ್ಕ ಯಂತ್ರಗಳಲ್ಲಿ ಈ ಗುಡಿಸುವಿಕೆಯನ್ನು ನಂಬಿಯೇ ಬಾಳಬಹುದು. ದೊಡ್ಡ ಯಂತ್ರದಲ್ಲಿ ಒಂದೊಂದು ಸಿಡಿತವೂ ಫಲಕವನ್ನು ಕರಗಿಸುವಷ್ಟಾದೀತಾದುದರಿಂದ ಅದನ್ನು ಅಡಗಿಸಲೇಬೇಕು. ಇಷ್ಟೆಲ್ಲ ದಾಟಿ ಗರ್ಭಕ್ಕೆ ಮುಟ್ಟಿದ ಲೋಹವು ನಡುವಿನಲ್ಲಿ ಕೂಡಿಕೊಂಡರೆ ಅಲ್ಲಿ ಉಷ್ಣತೆ ಕುಸಿಯುತ್ತದೆ. ಆಗ ರೇಡಿಯೋ ಅಲೆಗಳಿಂದ ನಟ್ಟನಡುವನ್ನೇ ಕಾಸಿ ಅದನ್ನು ಚದರಿಸುವುದುಂಟು.

ಸೂರ್ಯನ ಅಂಚಿನಲ್ಲಿಯೂ ಲೋಹದ ಸಂಚಾರವಿದೆ. ಅದರ ಬಗೆ ಬೇರೆ. ಸೂರ್ಯನ ಮೇಲ್ಮೈಯಲ್ಲಿ ಕಬ್ಬಿಣವು ಎಷ್ಟಿದೆಯೋ ಕಿರೀಟದ ಅನೇಕ ಭಾಗಗಳಲ್ಲಿ ಅದರ ಮೂರು ನಾಲ್ಕು ಪಾಲು ಹೆಚ್ಚಾಗಿದೆ. ಮೆಗ್ನೀಸಿಯಂ, ಸಿಲಿಕಾನ್‌ಗಳೂ ಹಾಗೆಯೇ. ನಿಯಾನ್, ಆಮ್ಲಜನಕಗಳು ಹಾಗಲ್ಲ. ಕಬ್ಬಿಣದಿಂದ ಮೊದಲನೆಯ ಎಲೆಕ್ಟ್ರಾನನ್ನು ಕೀಳುವುದಕ್ಕೆ ೭.೯ ಎಲೆಕ್ಟ್ರಾನ್-ವೋಲ್ಟು ಸಾಕು, ನಿಯಾನಿಗೆ ೨೧.೬ ಬೇಕು. ಮೇಲ್ಮೈಗೂ ಕಿರೀಟಕ್ಕೂ ನಡುವಣ ತಂಪಾದ ಪದರದಲ್ಲಿ ಸುಲಭವಾಗಿ ಅಯಾನಾಗುವ ಧಾತುಗಳನ್ನು ಮಾತ್ರ ಅಯಸ್ಕಾಂತದ ಅಲೆಗಳು ಹಿಡಿದು ಮೇಲಕ್ಕೆತ್ತುತ್ತವೆ, ವಿದ್ಯುತ್ತಿಲ್ಲದವು ಹಿಂದುಳಿಯುತ್ತವೆ ಎಂಬುದು ಇದಕ್ಕೆ ಕೊಡುವ ಕಾರಣ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಕ್ಷೇತ್ರದಲ್ಲಿ ಜೋಡಿಸಿದ ಕಿರೀಟದರ್ಶಕಯಂತ್ರವನ್ನು ಹೊತ್ತು ೨೦೨೩ನೆಯ ಸೆಪ್ಟೆಂಬರ್ ೨ರಂದು ಹೊರಟ ನೌಕೆಯ ಹೆಸರೂ ಆದಿತ್ಯವೇ. ಅದು ೨೦೨೪ನೆಯ ಜನವರಿ ೬ರಂದು ಭೂಮಿಯಿಂದ ೧೫ ಲಕ್ಷ ಕಿಲೋಮೀಟರು ದೂರದ ತನ್ನ ನೆಲೆಯನ್ನು ಸೇರಿತು. ಲಾಕಿಯರ್ ಬೇಕಲದಲ್ಲಿ ಕೆಲವೇ ನಿಮಿಷಗಳ ಕಾಲ ಕಂಡ ೫೩೦೩ರ ಹಸುರು ರೇಖೆಯನ್ನು ಗ್ರಹಣಕ್ಕೆ ಕಾಯದೆ ನೋಡುವುದು ಆ ಯಂತ್ರದ ಕೆಲಸಗಳಲ್ಲೊಂದು.

ಗೋಡೆಗೆ ಯಾವ ದ್ರವ್ಯವೆಂಬ ವಾದವು ಇನ್ನೂ ಬಾಕಿಯಿದೆ. ೧೯೩೯ರಿಂದ ೧೯೪೫ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದ ಹೋಮಿ ಭಾಭಾ ಅವರು ೧೯೫೫ರಲ್ಲಿ ಜಿನೀವಾದ ಸಭೆಯ ಅಧ್ಯಕ್ಷಪೀಠದಿಂದ, ಸಮ್ಮಿಲನಶಕ್ತಿಯನ್ನು ಅಂಕೆಯಲ್ಲಿಟ್ಟು ಹೊರಡಿಸುವ ಮಾರ್ಗವು ಇಪ್ಪತ್ತು ವರ್ಷಗಳೊಳಗೆ ದೊರೆಯುವುದೆಂದು ಭವಿಷ್ಯ ನುಡಿದರು. ಆ ಇಪ್ಪತ್ತು ವರ್ಷ ಮುಗಿಯುವ ಹೊತ್ತಿಗೆ ಅಮೆರಿಕಾದ ಪ್ರಿನ್ಸ್‌ಟನ್ನಿನ ಯಂತ್ರದಲ್ಲಿ ಟಂಗ್‌ಸ್ಟನ್ ಒಳಸೇರಿ ಪ್ಲಾಸ್ಮಾದ ನಡುವು ಅಂಚಿಗಿಂತ ತಣ್ಣಗಾದುದನ್ನು ವಿದ್ವಾಂಸರು ಕಣ್ಣಾರೆ ಕಂಡರು. ಭವಿಷ್ಯವು ತಪ್ಪಿದುದಕ್ಕೆ ಕಾರಣಗಳು ಹಲವು. ಈ ಲೋಹವೂ ಅವುಗಳಲ್ಲೊಂದು. ಅಲ್ಲಿಂದ ಮುಂದೆ ಬಹುಕಾಲ ಇಂಗಾಲದ ಗೋಡೆಗೇ ಮೊರೆಹೊಕ್ಕರು. ಇಂಗಾಲವಾದರೋ ಟ್ರಿಟಿಯಮ್ಮನ್ನು ಹೀರಿ ತನ್ನಲ್ಲಿಟ್ಟುಕೊಳ್ಳುತ್ತದೆ. ದುರ್ಲಭವೂ ವಿಕಿರಣಯುಕ್ತವೂ ಆದ ಆ ಇಂಧನವು ಗೋಡೆಯ ಪಾಲಾದರೆ ಯಂತ್ರವು ನಡೆಯದು. ಹೀಗಾಗಿ ಬಿಟ್ಟ ಲೋಹದ ಬಾಗಿಲಿಗೇ ಮರಳಿ ಬರಬೇಕಾಯಿತು. ಜರ್ಮನಿಯ ಆಸ್ಡೆಕ್ಸ್ ಯಂತ್ರವು ೨೦೦೭ರ ವೇಳೆಗೆ ಒಳಮೈಯೆಲ್ಲ ಟಂಗ್‌ಸ್ಟನ್ ಹೊದ್ದಿತು. ಇಂಗ್ಲೆಂಡಿನ ಜೆಟ್ ೨೦೧೧ರಲ್ಲಿ ಬೆರಿಲಿಯಂ ಗೋಡೆಯನ್ನೂ ಟಂಗ್‌ಸ್ಟನ್ ಡೈವರ್ಟರನ್ನೂ ತೊಟ್ಟು, ೨೦೨೩ರಲ್ಲಿ ತನ್ನ ಕಡೆಯ ಪ್ರಯೋಗಗಳಲ್ಲಿ ೬೯ ಮೆಗಾಜೂಲು ಸಮ್ಮಿಲನಶಕ್ತಿಯನ್ನು ಹೊರಡಿಸಿ ನಿಂತಿತು. ಫ್ರಾನ್ಸಿನ ವೆಸ್ಟ್ ಯಂತ್ರವು ಟಂಗ್‌ಸ್ಟನ್ನಿನ ನಡುವೆಯೇ ೨೦೨೫ನೆಯ ಫೆಬ್ರವರಿ ೧೨ರಂದು ೧೩೩೭ ಸೆಕೆಂಡುಗಳ ಕಾಲ ಪ್ಲಾಸ್ಮಾವನ್ನು ಉಳಿಸಿಕೊಂಡಿತು. ಲೋಹವು ಅನಿವಾರ್ಯವಾಗಿ ವಿಷವೆಂಬ ಹಳೆಯ ಭಯ ಇಷ್ಟುಮಟ್ಟಿಗೆ ಕಳೆದಿದೆ.

ಇವೆಲ್ಲಕ್ಕಿಂತ ದೊಡ್ಡದು ಅದೇ ಫ್ರಾನ್ಸಿನ ಕಡರಾಷ್ ಎಂಬಲ್ಲಿ ಅನೇಕ ದೇಶಗಳು ಕೂಡಿ ಕಟ್ಟುತ್ತಿರುವ ಈಟರ್. ೨೦೦೫ರಲ್ಲಿ ಭಾರತವೂ ಅದರಲ್ಲಿ ಸೇರಿತು; ಅದರ ಹೊರಗವಸಾದ ಬೃಹತ್ ಶೀತಪಾತ್ರೆಯ ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾದುವು. ಈಟರಿನ ಒಳಗೋಡೆಗೆ ಮೊದಲು ಗೊತ್ತುಮಾಡಿದ್ದುದು ಬೆರಿಲಿಯಂ. ನಾಲ್ಕೇ ಎಲೆಕ್ಟ್ರಾನುಗಳ ಆ ಹಗುರವಾದ ಲೋಹವು ಒಳಹೊಕ್ಕರೂ ಕೆಡುಕು ಕಡಿಮೆ. ಆದರೆ ಅದು ಬೇಗ ಸವೆಯುತ್ತದೆ, ಅದರ ಧೂಳು ಮನುಷ್ಯರಿಗೆ ವಿಷ. ೨೦೨೩ರಲ್ಲಿ ಅದನ್ನು ಬಿಟ್ಟು ಟಂಗ್‌ಸ್ಟನ್ನನ್ನು ಹಿಡಿಯುವ ಪ್ರಸ್ತಾಪವು ಹೊರಟಿತು. ಗೋಡೆಗೆ ಬೋರಾನಿನ ತೆಳುಲೇಪವನ್ನು ಕೊಡುವ ಏರ್ಪಾಡೂ ಜೊತೆಗೆ ಸೇರಿತು. ಈ ನಿರ್ಧಾರದ ಧೈರ್ಯವು ನಿಂತಿರುವುದು ಮೇಲೆ ಹೇಳಿದ ಎರಡು ಏರುಗಳ ತಕ್ಕಡಿಯ ಮೇಲೆ. ಚಿಕ್ಕ ಯಂತ್ರಗಳಲ್ಲಿ ಅಂಚಿನಿಂದ ಊದಿದ ಅನಿಲವು ಸ್ವಲ್ಪ ಒಳಗೆ ಹೋಗಿ ಅಯಾನಾಗುವುದರಿಂದ ಸಾಂದ್ರತೆಯ ಏರು ಕಡಿದಾಗುತ್ತದೆ. ಲೋಹವು ಒಳಕ್ಕೆ ಸೆಳೆಯಲ್ಪಡುತ್ತದೆ. ಈಟರಿನ ಅಂಚು ಎಷ್ಟು ಬಿಸಿಯೂ ದಪ್ಪವೂ ಆಗಿರುವುದೆಂದರೆ ಅನಿಲವು ಅದನ್ನು ಹೊಕ್ಕು ಹೋಗಲಾರದು; ಆಗ ಸಾಂದ್ರತೆಯ ಏರು ಇಳಿಜಾರಾಗಿ, ಉಷ್ಣತೆಯ ಏರು ಮಾತ್ರ ಕಡಿದಾಗಿ ಉಳಿದು, ಲೋಹವು ಹೊರಕ್ಕೇ ತಳ್ಳಲ್ಪಡಬೇಕೆಂದು ಗಣಿತವು ಹೇಳುತ್ತದೆ. ಜೆಟ್ ಯಂತ್ರದ ಕಡೆಕಡೆಯ ಪ್ರಯೋಗಗಳಲ್ಲಿ ಅತ್ಯಂತ ಬಿಸಿಯಾದ ಅಂಚಿನಿಂದ ಲೋಹವು ಹಿಮ್ಮೆಟ್ಟಿದ ಲಕ್ಷಣಗಳು ಕಂಡುವು. ೨೦೨೪ರಲ್ಲಿ ಪ್ರಕಟವಾದ ಯೋಜನೆಯಂತೆ ಈಟರ್ ತನ್ನ ಪ್ರಯೋಗಗಳನ್ನು ತೊಡಗುವುದು ೨೦೩೪ರಲ್ಲಿ. ಗಣಿತದ ಅನುಮಾನಕ್ಕೆ ಅಲ್ಲಿಯ ಟಂಗ್‌ಸ್ಟನ್ ರೇಖೆಗಳು ಆಗ ಪ್ರತ್ಯಕ್ಷಪ್ರಮಾಣವನ್ನು ಕೊಡಬೇಕಾಗಿದೆ.